ಕ್ಯಾಸಲ್ ರಾಕ್: ಸ್ಟೇಷನ್ ದೊಡ್ಡದು, ಊರೇಕೆ ಚಿಕ್ಕದು?

ನಮಸ್ಕಾರ. ಗೋವಾಕ್ಕೆ ಹೋಗುವಾಗ ಕಾಡಿನ ನಡುವೆ ಇಷ್ಟು ದೊಡ್ಡ ಸ್ಟೇಷನ್ ನೋಡಿದೆ, ಊರು ಮಾತ್ರ ಕಾಣಲೇ ಇಲ್ಲ, ಇದು ಹಿಂದೆ ದೊಡ್ಡ ಊರಾಗಿತ್ತೇ ಎಂದು ಕೇಳಿದ್ದೀರಿ. ಜನಸಂಖ್ಯೆಯಲ್ಲಿ ದೊಡ್ಡದಾಗಿರಲಿಲ್ಲ, ಮಹತ್ವದಲ್ಲಿ ಮಾತ್ರ ಬಹಳ ದೊಡ್ಡದಾಗಿತ್ತು.

ಜೋಯಿಡಾ ತಾಲ್ಲೂಕಿನ ಈ ಊರು ಹುಟ್ಟಿದ್ದೇ ರೈಲಿನಿಂದ. ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ಮೀಟರ್ ಗೇಜ್ ಹಳಿ 1880ರ ದಶಕದ ಕೊನೆಗೆ ಇಲ್ಲಿ ಬ್ರಿಟಿಷರ ಹಳಿಗೆ ಕೂಡಿತು. ಕೆಳಗೆ ಪೋರ್ಚುಗೀಸರ ರಾಜ್ಯ, ಮೇಲೆ ಬ್ರಿಟಿಷರದ್ದು. ಹಾಗಾಗಿ ಕಸ್ಟಮ್ಸ್ ಕಚೇರಿ ಬಂತು. ಗೋವಾದಿಂದ ಬಂದ ಪ್ರಯಾಣಿಕರ ಪೆಟ್ಟಿಗೆ, ಗಂಟು ಬಿಚ್ಚಿಸಿ ನೋಡಿಯೇ ಮುಂದೆ ಬಿಡುತ್ತಿದ್ದರು. ಅತ್ತ ಕುಳೇಮಿನಲ್ಲಿ ಪೋರ್ಚುಗೀಸರ ತಪಾಸಣೆ ಬೇರೆ. ರೈಲು ನಿಂತಷ್ಟು ಹೊತ್ತೂ ಹಮಾಲರಿಗೆ, ಚಹಾ ಮಾರುವವರಿಗೆ ಕೆಲಸ. ಘಟ್ಟದ ಏರು 37 ಅಡಿಗೆ 1 ಅಡಿ, ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಬೇಕೇ ಬೇಕು. ಉಗಿಬಂಡಿಯ ಕಾಲದಲ್ಲಿ ಆ ಎಂಜಿನ್‌ಗಳಿಗೆ ನೀರು, ಕಲ್ಲಿದ್ದಲು, ಅವನ್ನು ನೋಡಿಕೊಳ್ಳುವ ಸಿಬ್ಬಂದಿ, ಅವರ ಕ್ವಾರ್ಟರ್ಸ್, ಹೀಗೆ ಊರು ಬೆಳೆಯಿತು.

ಮೊದಲ ಪೆಟ್ಟು 1955ರಲ್ಲಿ. ಗೋವಾ ಮೇಲಿನ ಆರ್ಥಿಕ ದಿಗ್ಬಂಧನದಿಂದ ಗಡಿ ದಾಟುವ ರೈಲು ನಿಂತೇ ಹೋಯಿತು. 1961ರ ಡಿಸೆಂಬರಿನಲ್ಲಿ ಗೋವಾ ಸ್ವತಂತ್ರವಾಯಿತು, ರೈಲು ಮತ್ತೆ ಬಂತು, ಆದರೆ ಗಡಿಯೇ ಇಲ್ಲವಾದ ಮೇಲೆ ಕಸ್ಟಮ್ಸ್‌ಗೆ ಏನು ಕೆಲಸ? ಗೋವಾ ಬಿಡುಗಡೆಯ ಸಂಭ್ರಮದಲ್ಲಿ ಈ ಊರು ಕಳೆದುಕೊಂಡದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ಬೇಸರ ನನಗಿದೆ. ಆಮೇಲೆ ಉಗಿಬಂಡಿ ಹೋಯಿತು, 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂತು.

ಸ್ಟೇಷನ್ ಮಾತ್ರ ಸತ್ತಿಲ್ಲ. ಘಟ್ಟ ಇಳಿಯುವ ಗಾಡಿಗಳ ಬ್ರೇಕ್ ಪರೀಕ್ಷೆ ಈಗಲೂ ಇಲ್ಲೇ. ಮುಂದಿನ ಸಲ ಇಳಿದು ಒಂದು ಸುತ್ತು ನೋಡಿ ಬನ್ನಿ.