ಫ್ರೀಜ್ ಮಾಡಿಸಿಟ್ಟರೆ ನಿಶ್ಚಿಂತೆ ಅಲ್ವಾ ಅಂತ ಕೇಳಿದವಳಿಗೆ

ನಿನ್ನ ಪ್ರಶ್ನೆ ಓದಿದೆ. ಏಕವಚನಕ್ಕೆ ಬೇಜಾರು ಮಾಡ್ಕೋಬೇಡ, ನೀನು ನನ್ನ ಕೊನೆಯ ತಂಗಿಗಿಂತ ಚಿಕ್ಕವಳು. ಬರ್ಮಿಂಗ್‌ಹ್ಯಾಮ್‌ಗೆ ಈಗಷ್ಟೇ ಬಂದಿದ್ದೀಯ, ವಯಸ್ಸು 32, ಮುಟ್ಟು ಏರುಪೇರು, ಊರಿಂದ ಫೋನ್ ಬಂದರೆ ಸಾಕು "ಏನಾದ್ರೂ ವಿಶೇಷ?" ಪಿಆರ್, ಅಂದರೆ ಇಲ್ಲಿ ಕಾಯಂ ಇರುವ ಅನುಮತಿ, ಸಿಗುವ ತನಕ ಮಗು ಬೇಡ ಅಂತ ಇಬ್ಬರೂ ಅಂದುಕೊಂಡಿದ್ದೀರಿ. ರಜೆಗೆ ಹೋದಾಗ ಬೆಂಗಳೂರಲ್ಲಿ ಅಂಡಾಣು ಫ್ರೀಜ್ ಮಾಡಿಸಿಟ್ಟರೆ ನಿಶ್ಚಿಂತೆ ಅಲ್ವಾ, ಆಮೇಲೆ ಹೇಗೂ ಇಲ್ಲಿ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಬಿಡುವುದು) ಫ್ರೀ ತಾನೇ ಅಂತ ಕೇಳಿದ್ದೀಯ. ಚಳಿ ಕೋಟು ಮತ್ತು ದೋಸೆ ಅಕ್ಕಿ ಬಗ್ಗೆಯೂ ಕೇಳಿದ್ದೀಯ. ಕೋಟು ಇಲ್ಲೇ ತಗೋ. ಅಕ್ಕಿಗೆ ನಿನ್ನೂರಲ್ಲಿ ಬರ ಇಲ್ಲ.

ಮೊದಲು ಫ್ರೀ ವಿಷಯ. ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್ಚಾರ್ಜ್ ಕಟ್ಟಿದ್ದೀಯಲ್ಲ, ಅದರಲ್ಲಿ ಬಸಿರಿನ ತಪಾಸಣೆ, ಹೆರಿಗೆ ಎಲ್ಲ ಬಂತು. ಐವಿಎಫ್ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 2017ರ ಆಗಸ್ಟ್‌ನಿಂದ ಅದನ್ನು ತೆಗೆದುಹಾಕಿದ್ದಾರೆ. ಪಿಆರ್ ಆದ ಮೇಲೂ ಕೇಳಿದ ತಕ್ಷಣ ಸಿಗುವುದಿಲ್ಲ. 40ರೊಳಗಿನವರಿಗೆ 3 ಸೈಕಲ್, ಅಂದರೆ ಚಿಕಿತ್ಸೆಯ ಮೂರು ಸುತ್ತು, ಕೊಡಿ ಅಂತ ಇಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಆದರೆ ದುಡ್ಡು ಕೊಡುವುದು ಆಯಾ ಪ್ರದೇಶದ ಆರೋಗ್ಯ ಮಂಡಳಿ. ಎಷ್ಟೋ ಕಡೆ ಒಂದೇ ಸೈಕಲ್. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ದಾಟಿದ್ದರೆ, ಇಬ್ಬರಲ್ಲಿ ಒಬ್ಬರಿಗೆ ಮೊದಲೇ ಮಗುವಿದ್ದರೆ ಆಗಲ್ಲ ಅನ್ನುವವರೂ ಇದ್ದಾರೆ. ಅಷ್ಟಕ್ಕೂ ಬಸಿರಾಗಲು ಪಿಆರ್ ಬೇಕಿಲ್ಲ. ಪಿಆರ್‌ಗೆ ಕಾಯಬೇಕಿದ್ದ ಐದು ವರ್ಷವನ್ನು ಇನ್ನೂ ಎಳೆಯುವ ಮಾತನ್ನು ಗೃಹ ಇಲಾಖೆಯವರು 2025ರಲ್ಲೇ ಎತ್ತಿದ್ದಾರೆ. ಅವರು ಎಳೆದಷ್ಟೂ ನಿನ್ನ ವಯಸ್ಸು ಕಾಯುತ್ತಾ ಕೂರುತ್ತಾ?

ನಾವು ಲೀಡ್ಸ್‌ಗೆ ಬಂದದ್ದು 2006ರ ಜನವರಿಯಲ್ಲಿ. ನಾಲ್ಕು ಗಂಟೆಗೇ ಕತ್ತಲು. ಸೂಟ್‌ಕೇಸಿನಲ್ಲಿ ಒಂದು ಕುಕ್ಕರ್, ಅದರೊಳಗೆ ಅಮ್ಮ ಕೊಟ್ಟ ಕುಕ್ಕೆಯ ಮೃತ್ತಿಕೆ ಪ್ರಸಾದ. ಆಗ ಸರ್ಚಾರ್ಜ್ ಅನ್ನುವುದೇ ಇರಲಿಲ್ಲ. ಎರಡು ವರ್ಷ ಏನೂ ಆಗದೆ ಪರೀಕ್ಷೆಗೆ ಹೋದಾಗ, ಗರ್ಭಕೋಶಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದರು. ಅಂಡಾಣು ಗರ್ಭಕೋಶಕ್ಕೆ ಬರುವ ಎರಡೂ ನಾಳ ಬಂದ್. "ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ" ಅಂತ ಡಾಕ್ಟರ್ ಕೇಳಿದರು. ಅಜ್ಜಿಗೆ ಇತ್ತು, ನಾನು ಅವರ ಪಕ್ಕದಲ್ಲೇ ಮಲಗಿ ಬೆಳೆದವಳು. ನಮ್ಮ ಕಡೆ ನಾಳ ಮುಚ್ಚಿಕೊಳ್ಳುವುದಕ್ಕೆ ಟಿಬಿ ಒಂದು ದೊಡ್ಡ ಕಾರಣ. ಕೆಮ್ಮಿಲ್ಲ, ಜ್ವರ ಇಲ್ಲ, ಒಳಗೊಳಗೇ ಇರುತ್ತದೆ. ವೀಸಾಕ್ಕೆ ತೆಗೆಯುವ ಎಕ್ಸ್‌ರೇ ಎದೆಯನ್ನು ಮಾತ್ರ ನೋಡುತ್ತದೆ. ಇಲ್ಲಿಯ ಡಾಕ್ಟರುಗಳು ಎಲ್ಲರೂ ಇದನ್ನು ಕೇಳುವುದಿಲ್ಲ, ಇಂಥದ್ದಿದ್ದರೆ ನೀನೇ ಬಾಯಿಬಿಟ್ಟು ಹೇಳಬೇಕು.

ನಿನಗೆ ಮುಟ್ಟು ಏರುಪೇರು ಅಂದರೆ ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಅಥವಾ ಥೈರಾಯ್ಡ್ ಇರಬಹುದು. ಎರಡಕ್ಕೂ ಮದ್ದಿದೆ. ಒಂದು ವರ್ಷ ಪ್ರಯತ್ನಿಸಿ ಬನ್ನಿ ಅನ್ನುವ ನಿಯಮ ಮುಟ್ಟು ಸರಿಯಿರುವವರಿಗೆ. ನೀನು ಈಗಲೇ ಜಿಪಿ, ಅಂದರೆ ನಿನ್ನ ಏರಿಯಾದ ಡಾಕ್ಟರ್, ಹತ್ತಿರ ಹೋಗು. ಗಂಡನ ವೀರ್ಯ ಪರೀಕ್ಷೆ ಮೊದಲ ದಿನವೇ ಕೇಳು. ತೊಂದರೆ ಇರುವ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ, ನಮ್ಮವರು ಮಾತ್ರ ಹೆಂಗಸಿಗೆ ನಾಗಪ್ರತಿಷ್ಠೆ ಮಾಡಿಸ್ತಾ ಇರುತ್ತಾರೆ. ಅವನು ಜಿಮ್‌ನಲ್ಲಿ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಳ್ತಿದ್ದರೆ ನಿಲ್ಲಿಸಲಿ, ಅದು ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸುತ್ತದೆ. ಸಿಗರೇಟೂ ಬೇಡ. ಇವತ್ತು ಬಿಟ್ಟದ್ದರ ಫಲ ಕಾಣಲು ಮೂರು ತಿಂಗಳು ಬೇಕು. ನೀನು ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ, ಜೊತೆಗೆ ವಿಟಮಿನ್ ಡಿ ತಗೋ. ರುಬೆಲ್ಲಾ ಲಸಿಕೆ ಆಗಿದೆಯಾ ನೋಡಿಕೋ. ಉಳಿದದ್ದು ಜಿಪಿ ಹೇಳ್ತಾರೆ.

ಫ್ರೀಜಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೀಮೋ ಶುರುವಾಗುವ ಮೊದಲು ಅಂಡಾಣು ತೆಗೆದಿಡುವವರಿಗೆ ಅದು ದೊಡ್ಡ ಉಪಕಾರ. ಐವಿಎಫ್ ವಿದ್ಯೆಯ ತವರಿನ ಹತ್ತಿರವೇ ನಾನಿದ್ದೀನಿ ಅನ್ನುವ ಹೆಮ್ಮೆಯೂ ಇದೆ. ಮೊದಲ ಟೆಸ್ಟ್‌ಟ್ಯೂಬ್ ಮಗು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಹುಟ್ಟಿದ್ದು ಗುಡ್ಡದಾಚೆಯ ಓಲ್ಡಮ್‌ನಲ್ಲಿ. ಎರಡೇ ತಿಂಗಳಿಗೆ ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯ ನಮ್ಮಲ್ಲೂ ಮಾಡಿ ತೋರಿಸಿದರು. ಸರ್ಕಾರ ನಂಬಲಿಲ್ಲ, ಮನುಷ್ಯ 1981ರಲ್ಲಿ ಜೀವ ಕಳೆದುಕೊಂಡರು. ಅದು ಬೇರೆಯೇ ಕಥೆ.

ಆದರೆ ಫ್ರೀಜರಿನಲ್ಲಿಟ್ಟ ಅಂಡಾಣು ಮಗು ಅಲ್ಲ. ಕರಗಿಸುವಾಗ ಕೆಲವು ಹೋಗುತ್ತವೆ, ಫಲಿಸುವಾಗ ಕೆಲವು, ಗರ್ಭದಲ್ಲಿ ಕೂರುವಾಗ ಇನ್ನೂ ಕೆಲವು. ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ಪಿಸಿಓಎಸ್ ಇದ್ದವರಿಗೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಜಾಸ್ತಿ. ಭಾರತದ 2021ರ ಕಾಯ್ದೆಯಲ್ಲಿ ಹತ್ತು ವರ್ಷ ಇಡಬಹುದು. ನಿನ್ನದೇ ಆದರೂ ಅಲ್ಲಿಂದ ಹೊರಗೆ ತರಲು ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಬೆಂಗಳೂರಲ್ಲಿ ಇಟ್ಟು ಬರ್ಮಿಂಗ್‌ಹ್ಯಾಮ್‌ನಲ್ಲಿ ಬಸಿರಾಗುವುದು ಬ್ಯಾಂಕ್ ಖಾತೆ ವರ್ಗಾಯಿಸಿದಷ್ಟು ಸುಲಭ ಅಂದುಕೊಂಡಿದ್ದರೆ, ಇಲ್ಲ.

ನಿಶ್ಚಿಂತೆ ಅಂದೆಯಲ್ಲ, ಅದಕ್ಕೇ ಇಷ್ಟು ಬರೆಯುತ್ತಿರುವುದು. ನಮಗೆ ಐವಿಎಫ್‌ನಿಂದ ಮಗಳು ಹುಟ್ಟಿದಳು. ಎರಡು ಭ್ರೂಣ ಉಳಿದವು. ಕ್ಲಿನಿಕ್‌ನಲ್ಲಿ ಮೈನಸ್ 196 ಡಿಗ್ರಿಯಲ್ಲಿ, ಕಡ್ಡಿಯಷ್ಟು ತೆಳ್ಳಗಿನ ಕೊಳವೆಗಳಲ್ಲಿ, ಮೇಲೆ ನನ್ನ ಹೆಸರು. ಪ್ರತಿವರ್ಷ ಗೌರಿಹಬ್ಬದ ಆಸುಪಾಸಿಗೆ ಕಾಗದ ಬರುತ್ತಿತ್ತು, ಇನ್ನೊಂದು ವರ್ಷ ಇಡಬೇಕಾ, ಬಾಡಿಗೆ ಇಷ್ಟು. ಮಗಳು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ "ಅಮ್ಮ, ಬಿಲ್ಲು" ಅನ್ನುತ್ತಿದ್ದಳು. ಇವರ ಕೆಲಸ ಹೋದ ವರ್ಷವೂ ಕಟ್ಟಿದೆವು. ಇನ್ನೊಂದು ಮಗುವಿಗೆ ನನ್ನ ಮೈಯಲ್ಲಿ ತ್ರಾಣ ಇರಲಿಲ್ಲ, ಬೇಡ ಅನ್ನಲು ಬಾಯಿ ಬರಲಿಲ್ಲ. ಕೊನೆಗೆ ಫಾರ್ಮ್ ತರಿಸಿದೆವು. ಸಂಶೋಧನೆಗೆ ಕೊಡಬಹುದು, ಬೇರೆ ದಂಪತಿಗೆ ಕೊಡಬಹುದು, ಇಲ್ಲ ಕರಗಲು ಬಿಡಬಹುದು. ಬೇರೆಯವರಿಗೆ ಕೊಟ್ಟರೆ, ಆ ಮಗು 18 ತುಂಬಿದ ಮೇಲೆ ನಮ್ಮ ವಿಳಾಸ ಕೇಳಿ ಪಡೆಯಬಹುದು. ನನ್ನ ಮಗಳಿಗೆ ಎಲ್ಲೋ ಒಬ್ಬ ತಮ್ಮನೋ ತಂಗಿಯೋ. ನಮಗೆ ಆಗಲಿಲ್ಲ. ಕರಗಲು ಬಿಡಿ ಅನ್ನುವ ಚೌಕಕ್ಕೆ ಇವರು ಟಿಕ್ ಹಾಕಿದರು, ನಾನು ಸಹಿ ಹಾಕಿದೆ.

ಆವತ್ತು ಏನು ಮಾಡಬೇಕಿತ್ತು? ಸ್ನಾನ ಮಾಡಬೇಕಿತ್ತಾ, ದೀಪ ಹಚ್ಚಬೇಕಿತ್ತಾ? ಸತ್ತರೆ ಸೂತಕ ಇದೆ, ಬಸಿರು ಇಳಿದುಹೋದರೂ ಮನೆಯ ಹಿರಿಯರು ಏನೋ ಒಂದು ಹೇಳುತ್ತಾರೆ. ಇದಕ್ಕೆ ಯಾರನ್ನು ಕೇಳೋದು? ಪುರೋಹಿತರಿಗೆ ಫೋನ್ ಮಾಡಿ ಹಬ್ಬದ ತಿಥಿ ಕೇಳಿ ಇಟ್ಟೆ. ಅಮ್ಮನನ್ನು ಕೇಳುವ ಹಾಗಿರಲಿಲ್ಲ. ಬಾಣಂತನಕ್ಕೆ ಬಂದಿದ್ದ ಅಮ್ಮ ಇವತ್ತಿಗೂ ಇದು ಕುಕ್ಕೆ ಸುಬ್ಬಪ್ಪನ ಮಗು ಅಂತಲೇ ನಂಬಿದ್ದಾರೆ. ಇರಲಿ ಬಿಡು. ಆ ಸಹಿಯ ಸಂಕಟ ಮಾತ್ರ ಇನ್ನೂ ಹೋಗಿಲ್ಲ. ಮಗಳನ್ನು ನೋಡಿದಾಗ ಇದೆಲ್ಲ ಬೇಡವಾಗಿತ್ತು ಅಂತ ಒಂದು ದಿನವೂ ಅನಿಸಿಲ್ಲ, ಅದೂ ನಿಜ.

ಹಾಗಾಗಿ ಫ್ರೀಜ್ ಮಾಡಿಸುವುದೇ ಆದರೆ, ಉಳಿದದ್ದನ್ನು ಏನು ಮಾಡುತ್ತೀರಿ ಅಂತ ಇಬ್ಬರೂ ಕೂತು ಮಾತಾಡಿಕೊಂಡು ಆಮೇಲೆ ಹೋಗಿ. ಕ್ಲಿನಿಕ್‌ನವರು ಹೇಳುವ ಎಕ್ಸ್‌ಟ್ರಾಗಳಿಗೆ ದುಡ್ಡು ಸುರಿಯಬೇಡ. ಎಚ್‌ಎಫ್‌ಇಎ ಅಂತ ಇಲ್ಲಿ ಸರ್ಕಾರಿ ನಿಯಂತ್ರಕರಿದ್ದಾರೆ, ಅವರ ಸೈಟಿನಲ್ಲಿ ಯಾವುದಕ್ಕೆ ಪುರಾವೆ ಇದೆ, ಯಾವುದಕ್ಕಿಲ್ಲ ಅಂತ ಬಣ್ಣ ಹಚ್ಚಿ ತೋರಿಸಿದ್ದಾರೆ. ಜಿಪಿಯಲ್ಲಿ ಹೆಸರು ಬರೆಸಿದ್ದೀಯಾ? ಈ ವಾರವೇ ಬರೆಸು, ಅವನನ್ನೂ ಕರೆದುಕೊಂಡು ಹೋಗು. ರಿಪೋರ್ಟ್ ಬಂದ ಮೇಲೆ ಫೋನ್ ಮಾಡು, ಸಂಜೆ ಏಳರ ಮೇಲೆ. ಭಾನುವಾರ ಬೇಡ, ಆವತ್ತು ಕನ್ನಡ ಶಾಲೆ ಇರುತ್ತದೆ.