36 ಮಕ್ಕಳಿಗೆ ಆರೇ ಕತ್ತರಿ ಇದ್ದರೆ ಸಾಕು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಪುಣೆಯ ಪಿಂಪ್ರಿ ಕಡೆಯ ಕನ್ನಡ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ್ದೀರಿ, ಮೂರನೇ ಇಯತ್ತೆ (ತರಗತಿ) ಕೊಟ್ಟಿದ್ದಾರೆ. ಮಕ್ಕಳ ಕೈಯಲ್ಲೇ ಏನಾದರೂ ಮಾಡಿಸುತ್ತಾ ಕಲಿಸಬೇಕು ಅಂತ ಆಸೆ. ಆದರೆ ಸಾಮಾನಿಗೆ ದುಡ್ಡಿಲ್ಲ, ಗಲಾಟೆ ತಡೆಯಲು ಆಗುತ್ತಿಲ್ಲ. ಬೇರೆ ಬೇರೆ ಊರಿನ ಮಕ್ಕಳು ಒಬ್ಬರ ಜೊತೆ ಒಬ್ಬರು ಸೇರುವುದೂ ಇಲ್ಲ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ನಾನು ಮುಂಬೈಯಲ್ಲಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್. ನನ್ನ ತರಗತಿಯೂ ಹೆಚ್ಚುಕಡಿಮೆ ನಿಮ್ಮದರ ಹಾಗೆಯೇ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ಹೋಟೆಲಲ್ಲಿ ದುಡಿಯುವವರ ಮಕ್ಕಳು ಕೆಲವರು ಮನೆಯಲ್ಲಿ ತುಳು ಮಾತಾಡುತ್ತಾರೆ. ನಾಲ್ಕೈದು ಲಂಬಾಣಿ ಮಕ್ಕಳೂ ಇದ್ದಾರೆ. ಹೆಸರಿಗೆ ಕನ್ನಡ ಶಾಲೆ, ಆದರೆ ಗಂಟೆ ಹೊಡೆದು ಅಂಗಳಕ್ಕೆ ಓಡಿದರೆ ಎಲ್ಲರ ಬಾಯಲ್ಲೂ ಬಂಬಯ್ಯಾ ಹಿಂದಿ.

ಮೊದಲು ದುಡ್ಡಿನ ಮಾತು. ನನ್ನ ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಜಾಸ್ತಿ ಸಾಮಾನು ತಂದದ್ದು. ಸಂಬಳದ ದುಡ್ಡಲ್ಲಿ 36 ಮಕ್ಕಳಿಗೆ 36 ಕತ್ತರಿ ತಂದೆ, ತಲೆಗೊಂದು. ಮಕ್ಕಳು ತಲೆ ತಗ್ಗಿಸಿ ತಮ್ಮ ತಮ್ಮ ಕಾಗದ ಕತ್ತರಿಸಿದರು, ಮುಗಿಯಿತು. ಒಬ್ಬರೂ ಪಕ್ಕದವರ ಕಡೆ ನೋಡಲಿಲ್ಲ. ಮಾತು ಬಂದದ್ದು ಜಗಳಕ್ಕೆ ಮಾತ್ರ, ಅದೂ ಕೆಂಪು ಹಿಡಿಯ ಕತ್ತರಿ ಯಾರಿಗೆ ಅಂತ. ದೀಪಾವಳಿ ರಜೆ ಮುಗಿಸಿ ಬರುವಾಗ 11 ಉಳಿದಿದ್ದವು. ಮುಂದಿನ ಜೂನ್ ಹೊತ್ತಿಗೆ ಆರು.

ಆ ಆರು ಕತ್ತರಿಯೇ ನನಗೆ ಪಾಠ ಕಲಿಸಿದ್ದು. ಬೇರೆ ದಾರಿ ಇಲ್ಲದೆ ಆರು ಮಕ್ಕಳ ಆರು ಗುಂಪು ಮಾಡಿ, ಗುಂಪಿಗೆ ಒಂದರಂತೆ ಕೊಟ್ಟೆ. ಈಗ ಕತ್ತರಿ ಬೇಕಾದರೆ ಕೇಳಲೇಬೇಕು. ಒಬ್ಬ ಕತ್ತರಿಸುತ್ತಿದ್ದರೆ ಇನ್ನೊಬ್ಬ ಮಡಚಬೇಕು, ಮತ್ತೊಬ್ಬ ಅಂಟಿಸಬೇಕು, ಇಲ್ಲದಿದ್ದರೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಒಂದು ಗುಂಪಿನಲ್ಲಿ ಅಫಜಲಪುರ ಕಡೆಯ ಒಂದು ಹುಡುಗಿ ಇದ್ದಳು. ಎರಡು ತಿಂಗಳಲ್ಲಿ ಅವಳ ಬಾಯಿಂದ ನಾನು ಕೇಳಿದ್ದು 'ಹಾಜರ್ರೀ' ಒಂದೇ. ಕತ್ತರಿ ಅವಳ ಕೈಗೆ ಬಂದಾಗ ನೋಡಬೇಕಿತ್ತು! ವೃತ್ತ ಅಂದರೆ ವೃತ್ತ, ಒಂದು ಕಡೆಯೂ ಗೀರಿಲ್ಲ. ಕಾಗದವನ್ನು ಎಡಗೈಯಲ್ಲಿ ನಿಧಾನ ತಿರುಗಿಸುತ್ತಾಳೆ, ಕತ್ತರಿ ಇದ್ದಲ್ಲೇ ಇರುತ್ತದೆ. ನಾವೆಲ್ಲ ಕತ್ತರಿ ತಿರುಗಿಸಲು ಹೋಗಿ ಕೆಡಿಸುತ್ತೇವೆ, ಅಲ್ವಾ? ಆಮೇಲೆ ಗೊತ್ತಾಯಿತು, ಅವರ ತಾಯಿ ಮನೆಗೆ ಜೀನ್ಸ್ ಪ್ಯಾಂಟುಗಳ ಗಂಟು ತಂದು ದಾರ ಕತ್ತರಿಸಿ ಕೊಡುತ್ತಾರೆ. ಸಂಜೆ ಇವಳೂ ಜೊತೆಗೆ ಕೂರುತ್ತಾಳೆ. (ಅದು ನನಗೆ ಹಿಡಿಸಿದ ವಿಷಯವಲ್ಲ, ತಾಯಿಯ ಹತ್ತಿರ ಮಾತಾಡಿದೆ. ಆ ಕಥೆ ಬೇರೆ.) ಅವತ್ತಂತೂ ಬೇರೆ ಗುಂಪಿನವರೂ ಕಾಗದ ಹಿಡಿದು ಅವಳ ಮುಂದೆ ಸಾಲು ನಿಂತರು, 'ನಂಗೂ ಮಾಡಿಕೊಡೇ' ಅಂತ.

ಇಲ್ಲಿ ಒಂದು ಎಚ್ಚರ. ಚೆನ್ನಾಗಿ ಮಾಡುವವರೇ ದಿನಾ ಮಾಡಿದರೆ ಉಳಿದವರು ಸುಮ್ನೆ ನೋಡುತ್ತಾ ಕೂರುತ್ತಾರೆ. ಅದಕ್ಕೆ ನಾನು ಒಂದು ನಿಯಮ ಮಾಡಿದೆ. ಗೊತ್ತಿರುವವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿಕೊಡಬೇಕು, ಬಾಯಿ ಮಾತ್ರ ಆಡಬೇಕು, ಕೈ ಹಾಕುವ ಹಾಗಿಲ್ಲ. ಆ ಹುಡುಗಿ ಕೈ ಕಟ್ಟಿ ನಿಂತು 'ಹಾಳಿ ತಿರಗಸ, ಕತ್ರಿ ಅಲ್ಲ' ಅಂತ ಒಬ್ಬ ತುಳು ಹುಡುಗನಿಗೆ ಗದರಿಸುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಅವನಿಗೆ 'ಹಾಳಿ' ಅಂದರೆ ಕಾಗದ ಅಂತ ತಿಳಿಯಲು ಒಂದು ನಿಮಿಷ ಬೇಕಾಯಿತು.

ಹಾಗಾಗಿ ನನ್ನ ಉತ್ತರ ಒಂದೇ. ಕೈಕೆಲಸ ಮಾಡಿಸಿದರೆ ಮಕ್ಕಳು ತಾನಾಗಿ ಒಂದಾಗುವುದಿಲ್ಲ. ಪಕ್ಕದವರಿಲ್ಲದೆ ಮುಗಿಯದ ಕೆಲಸ ಕೊಟ್ಟರೆ ಒಂದಾಗುತ್ತಾರೆ. ಸಾಮಾನು ಬೇಕೆಂದೇ ಕಡಿಮೆ ಇಡಿ. ಇನ್ನೊಂದು, ಕೆಲಸ ನಿಜವಾದದ್ದಾಗಿರಲಿ. ಗೋಡೆಗೆ ಅಂಟಿಸಿ ಮರೆಯುವಂಥದ್ದು ಬೇಡ.

ಈ ಗೋಡೆ ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟಿದೆ. ಪ್ರದರ್ಶನದ ದಿನ ಬರುವ ಥರ್ಮೋಕೋಲ್ ಸೌರಮಂಡಲ ನೋಡಿದ್ದೀರಲ್ಲ, ಅದನ್ನು ಮಾಡಿದ್ದು ಅಪ್ಪ, ಇಲ್ಲವೇ ಟ್ಯೂಷನ್ ಆಂಟಿ. ಮಗು ಮಾಡಿದ್ದು ಅದನ್ನು ಆಟೋದಲ್ಲಿ ಮುರಿಯದಂತೆ ಹಿಡಿದುಕೊಂಡು ಬಂದದ್ದು ಅಷ್ಟೇ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಥರ್ಮೋಕೋಲನ್ನೂ ನಿಷೇಧಿಸಿದಾಗ ಪರಿಸರಕ್ಕಿಂತ ಮೊದಲು ನನಗೆ ನೆನಪಾದದ್ದು ಆ ಸೌರಮಂಡಲಗಳು.

ನಿಜವಾದ ಕೆಲಸ ಅಂದರೆ ಏನು? ನನಗೆ ತುಂಬ ಕೈಹಿಡಿದದ್ದು ಮಳೆ ಅಳೆಯುವ ಬಾಟಲಿ. ಶಾಲೆ ಶುರುವಾಗುವುದೇ ಜೂನ್ ಮಧ್ಯಕ್ಕೆ, ಮಳೆಯೂ ಆಗಲೇ ಬರುತ್ತದೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತಗೊಳ್ಳಿ, ಗೋಡೆ ನೇರವಾಗಿರಬೇಕು, ನಡುವೆ ಸೊಂಟ ಇರಬಾರದು. ಕುತ್ತಿಗೆಯ ಕೆಳಗೆ ಕತ್ತರಿಸಿ, ಆ ತುಂಡನ್ನೇ ತಲೆಕೆಳಗೆ ಮಾಡಿ ಆಲಿಕೆಯ ಹಾಗೆ ಬಾಯಿಗೆ ಕೂರಿಸಿ. ಬಾಟಲಿಯ ತಳದಲ್ಲಿ ಉಬ್ಬು ತಗ್ಗು ಇರುತ್ತದೆ, ಅಲ್ಲಿ ಅಳತೆ ಸರಿ ಬರುವುದಿಲ್ಲ. ಒಂದಿಷ್ಟು ಜಲ್ಲಿಕಲ್ಲು ಹಾಕಿ, ಅವು ಮುಳುಗಿ ಗೋಡೆ ನೇರವಾಗುವ ತನಕ ನೀರು ತುಂಬಿ, ಅಲ್ಲಿ ಒಂದು ಗೆರೆ ಎಳೆಯಿರಿ. ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಹಳೆಯ ಸ್ಕೇಲಿನ ಅಳತೆ ಮಿಲಿಮೀಟರಿನಲ್ಲಿ. ಕಲ್ಲು ಹಾಕಿದ್ದರಿಂದ ಗಾಳಿಗೆ ಬೀಳುವುದೂ ಇಲ್ಲ. ಗೋಡೆ, ಮರದಿಂದ ದೂರ, ಗಚ್ಚಿಯ (ತಾರಸಿಯ) ನಡುವೆ ಇಡಿ. ಬೆಳಿಗ್ಗೆ 8:30ಕ್ಕೆ ನೋಡಿ, ಬರೆದು, ಸೊನ್ನೆಯವರೆಗೆ ನೀರು ಚೆಲ್ಲಿ ಮತ್ತೆ ಇಡಬೇಕು. ಹವಾಮಾನ ಇಲಾಖೆಯವರೂ 24 ಗಂಟೆಯ ಮಳೆಯನ್ನು 8:30ಕ್ಕೇ ಲೆಕ್ಕ ಹಾಕುವುದು. ಅದೇ ಹೊತ್ತು ಇಟ್ಟುಕೊಂಡರೆ ನಿಮ್ಮ ಅಂಕಿಯನ್ನು ಪೇಪರಿನ ಅಂಕಿಯ ಪಕ್ಕ ಇಡಬಹುದು.

ಮಜಾ ಇರುವುದೇ ಅಲ್ಲಿ. ಮುಂಬೈಗೆ ಎರಡು ಅಂಕಿ ಬರುತ್ತವೆ, ದಕ್ಷಿಣ ತುದಿಯ ಕೊಲಾಬಾದ್ದು ಒಂದು, ಉತ್ತರದ ಉಪನಗರ ಸಾಂತಾಕ್ರೂಜ್‌ದು ಒಂದು. ನಮ್ಮ ಬಾಟಲಿಯದು ಎರಡಕ್ಕೂ ಹೊಂದುತ್ತಿರಲಿಲ್ಲ. 'ಟೀಚರ್ರೀ, ಪೇಪರಿನವರು ಸುಳ್ಳ ಬರದಾರ' ಅಂತ ಒಬ್ಬ. 'ಇಲ್ಲ, ನಮ್ಮ ಬಾಟಲಿ ತೂತು' ಅಂತ ಇನ್ನೊಬ್ಬ. ಒಂದೇ ಊರಲ್ಲಿ ಬೇರೆ ಬೇರೆ ಮಳೆ ಬೀಳಬಹುದು ಅನ್ನುವುದನ್ನು ನಾನು ಹೇಳಿಕೊಡಲಿಲ್ಲ. ಬೈಕುಲ್ಲಾದಲ್ಲಿ ಅತ್ತೆ ಮನೆ ಇರುವ ಹುಡುಗಿ ಹೇಳಿದಳು, 'ನಿನ್ನೆ ನಾವು ಅಲ್ಲಿದ್ವಿ, ಅಲ್ಲಿ ಮಳಿನೇ ಇಲ್ಲ' ಅಂತ.

ಆಗ ನಾನು 2005ರ ಜುಲೈ 26ರ ಮಹಾಮಳೆಯ ಕಥೆ ತೆಗೆದೆ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ., ಅದೇ ಹೊತ್ತಿಗೆ ಕೊಲಾಬಾದಲ್ಲಿ ಬರೀ 73. ಅಂಕಿ ಹೇಳಿದರೆ ಎಂಟು ವರ್ಷದ ಮಕ್ಕಳಿಗೆ ಏನು ತಿಳಿಯುತ್ತದೆ? ಹಳೆಯ ಕ್ಯಾಲೆಂಡರ್ ಹಾಳೆ ಅಂಟಿಸಿ ಅಷ್ಟುದ್ದದ ಎರಡು ಪಟ್ಟಿ ಮಾಡಿಸಿದೆ. ಅಳೆಯುವುದಕ್ಕೆ ಒಂದು ಗುಂಪಿನ ಸ್ಕೇಲ್ ಸಾಲದು, ಸ್ಕೇಲಿನ ಮುಂದೆ ಸ್ಕೇಲ್ ಇಟ್ಟು ಮೂರು ಗುಂಪು ಸೇರಬೇಕಾಯಿತು. ಪಟ್ಟಿಗಳನ್ನು ನೆಲದಿಂದ ಮೇಲಕ್ಕೆ ಗೋಡೆಗೆ ಅಂಟಿಸಿದೆವು. ಕೊಲಾಬಾದ ಪಟ್ಟಿ ಪಾದದ ಗಂಟಿಗೆ ಬಂತು. ಇನ್ನೊಂದು ಮಕ್ಕಳ ಎದೆಗೆ. ಒಬ್ಬೊಬ್ಬರಾಗಿ ಹೋಗಿ ಪಟ್ಟಿಗೆ ಬೆನ್ನು ಕೊಟ್ಟು ನಿಂತರು. ತರಗತಿಯ ಎಲ್ಲರಿಗಿಂತ ಕುಳ್ಳಗಿದ್ದ ಹುಡುಗನಿಗೆ ಅದು ಗದ್ದದ ಹತ್ತಿರ ಬಂತು. ಅವನು ಮೂಗು ಹಿಡಿದು ಮುಳುಗಿದ ಹಾಗೆ ಮಾಡಿದ, ಎಲ್ಲರೂ ನಕ್ಕರು.

ಆ ವಾರದ ಮನೆಗೆಲಸ ಒಂದೇ ಪ್ರಶ್ನೆ. ಆ ದಿನ ನಿಮ್ಮ ಮನೆಯವರು ಎಲ್ಲಿದ್ದರು? ಬಂದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಒಬ್ಬನ ಅಪ್ಪ ಆಗ ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗ, ರಾತ್ರಿಯಿಡೀ ಮೇಜಿನ ಮೇಲೆ ಮಲಗಿದ್ದನಂತೆ. ಇನ್ನೊಬ್ಬಳ ಅಜ್ಜ ರೈಲು ಹಳಿಯ ಮೇಲೆ ನಡೆದೇ ಮನೆ ಮುಟ್ಟಿದ್ದರಂತೆ. ಒಬ್ಬಳ ತಾಯಿ ಆಗ ಊರಲ್ಲಿ, ಗಂಡನಿಗೆ ಫೋನ್ ಹತ್ತದೆ ಎರಡು ದಿನ ಊಟ ಮಾಡಿರಲಿಲ್ಲ. ಶಾಲೆಗೆ ಎಂದೂ ಕಾಲಿಡದ ಅಪ್ಪಂದಿರು ಮಗುವನ್ನು ಬಿಡಲು ಬಂದವರು ಒಳಗೆ ಬಂದು ಪಟ್ಟಿ ನೋಡಿ, 'ಇಲ್ಲ ಟೀಚರ್, ನಮ್ಮ ಕಡೆ ಇದಕ್ಕಿಂತ ಜಾಸ್ತಿ ಇತ್ತು' ಅಂತ ಸೊಂಟದ ಮೇಲೆ ಕೈ ಇಟ್ಟು ತೋರಿಸಿದರು. ಬಿದ್ದ ಮಳೆ ಬೇರೆ, ನಿಂತ ನೀರು ಬೇರೆ ಅಂತ ಅವರಿಗೆ ವಿವರಿಸಿದ್ದು ನಾನಲ್ಲ, ಮಕ್ಕಳು.

ಅದೇ ಗೋಡೆಯಲ್ಲಿ ಮಳೆಗೆ ಯಾರ ಮನೆಯಲ್ಲಿ ಏನು ಅನ್ನುತ್ತಾರೆ ಅಂತಲೂ ಬರೆದೆವು. ಮಳೆ, ಮಳಿ, ಬರ್ಸ, ಪಾವೂಸ್, ಬಾರಿಶ್. ಲಂಬಾಣಿ ಹುಡುಗಿ ತನ್ನ ಪದವನ್ನು ಮೂರು ದಿನ ಹೇಳಲೇ ಇಲ್ಲ. ನಾಲ್ಕನೇ ದಿನ ಕಿವಿಯಲ್ಲಿ ಹೇಳಿದಳು. ಅದನ್ನು ಕನ್ನಡ ಅಕ್ಷರದಲ್ಲಿ ಹೇಗೆ ಬರೆಯುವುದು ಅಂತ ನಾನು ತಡವರಿಸಿ ಎರಡು ಸಲ ತಪ್ಪು ಬರೆದೆ. ಅವಳೇ ಸೀಮೆಸುಣ್ಣ ತಗೊಂಡು ತಿದ್ದಿದಳು. ಟೀಚರಿಗೂ ತಪ್ಪುತ್ತದೆ ಅನ್ನುವುದು ಆ ದಿನ ಇಡೀ ತರಗತಿಗೆ ಹಬ್ಬ.

ಎಲ್ಲಾ ಹೀಗೆ ಚೆಂದವೇ ನಡೆಯಿತು ಅಂದುಕೊಳ್ಳಬೇಡಿ. ಒಂದು ಬೆಳಿಗ್ಗೆ ಬಾಟಲಿಯಲ್ಲಿ 140 ಮಿ.ಮೀ. ಪೇಪರಿನಲ್ಲಿ ಎರಡೂ ಕಡೆ ಹತ್ತರ ಆಸುಪಾಸು. ಯಾರೋ ನಲ್ಲಿ ನೀರು ಸುರಿದಿದ್ದಾರೆ! ನಾನು ಗದರಿಸಿದೆ, ಯಾರೂ ಒಪ್ಪಲಿಲ್ಲ. ನಾನು ಗದರಿಸಿದ್ದೇ ತಪ್ಪಾಯಿತು ಅಂತ ಈಗ ಅನ್ನಿಸುತ್ತದೆ, ಎರಡು ದಿನ ತರಗತಿ ಒಬ್ಬರನ್ನೊಬ್ಬರು ಅನುಮಾನಿಸುತ್ತಾ ಕೂತಿತ್ತು. ಕೊನೆಗೆ ಮಕ್ಕಳೇ ಸೂಚಿಸಿದರು, ಅಂಕಿ ನೋಡಲು ಇನ್ನು ಮೇಲೆ ಇಬ್ಬಿಬ್ಬರು ಹೋಗಬೇಕು, ಬೇರೆ ಬೇರೆ ಗುಂಪಿನವರು. ಇಬ್ಬರ ಸಹಿ ಇಲ್ಲದ ಅಂಕಿ ಲೆಕ್ಕಕ್ಕಿಲ್ಲ. ಆ 140ರ ಮೇಲೆ ಕೆಂಪು ಗೆರೆ ಎಳೆದರು, ಅಳಿಸಲಿಲ್ಲ. ಯಾರು ಸುರಿದದ್ದು ಅಂತ ಇವತ್ತಿಗೂ ಗೊತ್ತಿಲ್ಲ. ನನಗೆ ಒಬ್ಬನ ಮೇಲೆ ಅನುಮಾನ ಇದೆ, ಇರಲಿ.

ಗಲಾಟೆಯ ಬಗ್ಗೆ ಕೇಳಿದ್ದೀರಿ. ಕೆಲಸ ನಡೆಯುವಾಗ ಸದ್ದು ಇದ್ದೇ ಇರುತ್ತದೆ, ಪಕ್ಕದ ತರಗತಿಯವರು ದೂರು ಹೇಳುತ್ತಾರೆ, ನನ್ನ ಮೇಲೂ ಹೇಳಿದ್ದಾರೆ. ನಾನು ಮಾಡಿದ್ದು ಎರಡು. ಒಂದು, ಚಪ್ಪಾಳೆಯ ತಾಳ. ನಾನು ಎರಡು ನಿಧಾನ, ಮೂರು ಬೇಗ ತಟ್ಟಿದರೆ ಅವರು ಅದನ್ನೇ ತಟ್ಟಿ ಕೈ ಕೆಳಗಿಡಬೇಕು. ಕೂಗುವುದಕ್ಕಿಂತ ಬೇಗ ಕೆಲಸ ಆಗುತ್ತದೆ. ಇನ್ನೊಂದು, ಗಂಟೆಗೆ ಹತ್ತು ನಿಮಿಷ ಮೊದಲೇ ನಿಲ್ಲಿಸುವುದು. ಹೊಸ ಟೀಚರುಗಳು ಸೋಲುವುದು ಚಟುವಟಿಕೆಯಲ್ಲಲ್ಲ, ಅದು ಮುಗಿದ ಮೇಲೆ ಕಸ ಬಾಚುವುದರಲ್ಲಿ. ಮಧ್ಯಾಹ್ನ ಮಕ್ಕಳ ಖಿಚಡಿ ಊಟದ ಹೊತ್ತಿಗೆ ನೆಲದ ಮೇಲೆ ಅಂಟು ಇದ್ದರೆ ಮುಖ್ಯಾಧ್ಯಾಪಕರು ಮುಂದಿನ ಸಲ ಬೇಡ ಅನ್ನುತ್ತಾರೆ, ಅವರದೇನೂ ತಪ್ಪಿಲ್ಲ.

ಸಾಮಾನಿಲ್ಲದೆ ಕಲಿಸುವುದು ನಮ್ಮ ಕಡೆ ಹೊಸದೂ ಅಲ್ಲ. ಪುಟ್ಟ ಮಕ್ಕಳ ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಹುಟ್ಟಿದ್ದು ಮುಂಬೈಯಲ್ಲೇ. ಬೋರ್ಡಿ ಅನ್ನುವ ಹಳ್ಳಿಗೆ ಹೋಗಿ ಬಾಲವಾಡಿ ಕಟ್ಟಿದಾಗ ಅವರೂ ಜೊತೆಗಾರ್ತಿ ಅನುತಾಯಿ ವಾಘ್ ಅವರೂ ದುಬಾರಿ ಮಾಂಟೆಸರಿ ಸಾಮಾನಿನ ಬದಲು ಬೀಜ, ಕಲ್ಲು, ಚಿಪ್ಪು, ಎಲೆಗಳಿಂದಲೇ ಕಲಿಸಿದರು. ನಿಮ್ಮ ಪುಣೆಯಲ್ಲೇ ಅಯುಕಾ ಅನ್ನುವ ಖಗೋಳ ವಿಜ್ಞಾನ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಅವರು ವರ್ಷಗಟ್ಟಲೆ ಕಸದಿಂದ ಆಟಿಕೆ ಮಾಡಿದ್ದಾರೆ. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ತ್ರಿಕೋನ, ಚೌಕ, ಮನೆ ಮಾಡುವ ಅವರ ಉಪಾಯ ಒಮ್ಮೆ ಮಾಡಿಸಿ. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಕಟ್ಟಡದ ಕೆಲಸದವರ ಮಕ್ಕಳಿಗೆ ಇದು ಏಕೆ ಅಂತ ಮನೆಯಲ್ಲೇ ಹೇಳುವವರಿದ್ದಾರೆ. ನನ್ನ ತರಗತಿಗೆ ಒಬ್ಬ ಅಪ್ಪ ಬಂದು, ಪರಾಂಚಿ (ಕಟ್ಟಡದ ಸಾರುವೆ) ಕಟ್ಟುವಾಗ ಓರೆ ಕೋಲು ಯಾಕೆ ಹಾಕುತ್ತೇವೆ ಅಂತ ಅರ್ಧ ಗಂಟೆ ಹೇಳಿದರು. ಶಾಲೆಯಲ್ಲಿ ಅವರು ಓದಿದ್ದು ಎರಡನೇ ಕ್ಲಾಸು.

ನೀವು ಈ ಜೂನಿಗೆ ಬಾಟಲಿಯಿಂದಲೇ ಶುರು ಮಾಡಿ. ಪುಣೆಯ ಮಳೆ ನಮ್ಮದರ ಮೂರನೇ ಒಂದು ಭಾಗ, ಹಾಗಾಗಿ ಒಂದು ಲೀಟರಿನದೂ ನಡೆಯುತ್ತದೆ. ಶಿವಾಜಿನಗರದ ಅಂಕಿಯ ಜೊತೆ ಹೋಲಿಸಿ. ಊರಿನವರು ಇನ್ನೂ ಸಿಮ್ಲಾ ಆಫೀಸ್ ಅನ್ನುತ್ತಾರಲ್ಲ, ಹವಾಮಾನ ಇಲಾಖೆಯವರು ಇರುವುದು ಅಲ್ಲೇ. ಬಾಟಲಿ ಒಂದೇ ಇಡಿ, 38 ಮಕ್ಕಳಿದ್ದರೂ ಒಂದೇ. ಮತ್ತೆ ಮೊದಲ ದಿನದಿಂದಲೇ ಇಬ್ಬರ ಸಹಿ ಹಾಕಿಸಿ.