ಕಾಗದ ನೋಡುವ ಮೊದಲೇ ಹೇಳಿ

ಓದುಗರ ಪ್ರಶ್ನೆ, ತರಬೇತುದಾರರ ಉತ್ತರ: ಈ ಸಂಚಿಕೆಯಲ್ಲಿ ವಾರಾಂತ್ಯದ ರೈಫಲ್ ತರಬೇತಿ

ಪ್ರಶ್ನೆ: ನನಗೆ 52 ವರ್ಷ. ಬಂದೂಕನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಮಗಳ ಒತ್ತಾಯಕ್ಕೆ ಶನಿವಾರ, ಭಾನುವಾರದ ರೈಫಲ್ ತರಬೇತಿಗೆ ಇಬ್ಬರ ಹೆಸರನ್ನೂ ಕೊಟ್ಟಿದ್ದೇನೆ. ದಿನ ಹತ್ತಿರ ಬಂದಂತೆ ಅಳುಕು ಶುರುವಾಗಿದೆ. ಎರಡೇ ದಿನಗಳಲ್ಲಿ ಏನು ಕಲಿಯಲು ಸಾಧ್ಯ? ಹೋಗುವ ಮೊದಲು ಏನು ತಿಳಿದಿರಬೇಕು?

ಉತ್ತರ: ಏನೂ ತಿಳಿಯದೆಯೇ ಹೋಗಿ. ಇದು ಸಮಾಧಾನದ ಮಾತಲ್ಲ. ಹದಿನೆಂಟು ವರ್ಷಗಳಿಂದ ಹೊಸಬರ ಪಕ್ಕದಲ್ಲಿ ಮಂಡಿಯೂರಿ ಕುಳಿತು ಕಲಿಸುತ್ತಿದ್ದೇನೆ. ಬಂದೂಕು ಮುಟ್ಟದವರಿಗೆ ಕಲಿಸುವುದು ಸುಲಭ. ತಮಗೆ ಆಗಲೇ ಬರುತ್ತದೆ ಎಂದುಕೊಂಡು ಬಂದವರ ಹಳೆಯ ಅಭ್ಯಾಸ ಬಿಡಿಸುವುದರಲ್ಲೇ ಶನಿವಾರ ಕಳೆದುಹೋಗುತ್ತದೆ.

ನಾನು ಮೊದಲ ಸಲ ಇಂಥ ತರಬೇತಿಗೆ ಹೋದಾಗ ನನಗೆ 31 ವರ್ಷ. ಚಾಪೆಯ ಮೇಲೆ ಬೋರಲಾಗಿ ಮಲಗಿ, 25 ಮೀಟರ್ ದೂರದ ಕಾಗದಕ್ಕೆ ಪಾಯಿಂಟ್ 22 ಎಂಬ ಸಣ್ಣ ಗುಂಡಿನ ರೈಫಲ್‌ನಿಂದ ಐದು ಗುಂಡು ಹೊಡೆದೆ. ಆ ಐದು ತೂತುಗಳನ್ನು ಮುಚ್ಚಲು ನನ್ನ ಇಡೀ ಅಂಗೈ ಬೇಕಾಯಿತು. ಹಲ್ಲು ಕಚ್ಚಿ, ತೋಳು ಬಿಗಿಹಿಡಿದು ಹೊಡೆದಿದ್ದೆ. ಬಿಗಿ ಹಿಡಿದದ್ದೇ ತಪ್ಪು ಎಂದು ಆಗ ತಿಳಿದಿರಲಿಲ್ಲ.

ನನಗೆ ಕಲಿಸುತ್ತಿದ್ದವರು ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. ರೈಫಲ್ ಖಾಲಿಯಿದೆ ಎಂದು ಖಚಿತ ಮಾಡಿಕೊಂಡು, ನನ್ನ ಎಡ ಮೊಣಕೈಯನ್ನು ಹಿಡಿದು ರೈಫಲ್‌ನ ನೇರ ಕೆಳಕ್ಕೆ ಎರಡು ಬೆರಳಿನಷ್ಟು ಸರಿಸಿದರು. ತೋಳಿನ ಮೇಲ್ಭಾಗಕ್ಕೆ ಸ್ಲಿಂಗ್ ಪಟ್ಟಿಯನ್ನು ಸುತ್ತಿ ಎಳೆದರು. ಈಗ ರೈಫಲ್‌ನ ಭಾರವನ್ನು ಸ್ನಾಯು ಹೊರುತ್ತಿರಲಿಲ್ಲ, ಮೂಳೆ ಮತ್ತು ಪಟ್ಟಿ ಹೊರುತ್ತಿದ್ದವು. ಸ್ನಾಯು ದಣಿಯುತ್ತದೆ, ನಡುಗುತ್ತದೆ, ಮೂಳೆ ದಣಿಯುವುದಿಲ್ಲ. ಆಮೇಲೆ ಅವರು, “ಗುರಿ ಹಿಡಿಯಿರಿ. ಕಣ್ಣು ಮುಚ್ಚಿ. ಎರಡು ಸಲ ಉಸಿರಾಡಿ. ಮೈ ಸಡಿಲ ಬಿಡಿ. ಈಗ ಕಣ್ಣು ತೆರೆಯಿರಿ” ಎಂದರು. ತೆರೆದಾಗ ನಳಿಗೆಯ ತುದಿ ನನ್ನ ಗುರಿಯ ಮೇಲಿರಲಿಲ್ಲ. ಬಲಕ್ಕೆ ಸರಿದು ಕಾಗದದ ಅಂಚಿನಲ್ಲಿ ನಿಂತಿತ್ತು.

ಅಂದರೆ ನನ್ನ ಮೈ ಸಹಜವಾಗಿ ನೋಡುತ್ತಿದ್ದದ್ದು ಆ ಅಂಚನ್ನು. ಅದನ್ನು ನಾನು ತೋಳಿನ ಬಲದಿಂದ ನಡುವಿಗೆ ಎಳೆದು ಹಿಡಿದುಕೊಂಡಿದ್ದೆ. ಗುಂಡು ಹಾರುವ ಕ್ಷಣದಲ್ಲಿ ಸ್ನಾಯು ಒಂದಿಷ್ಟು ಸಡಿಲಿಸಿತೋ, ನಳಿಗೆ ತನ್ನ ಜಾಗಕ್ಕೆ ಹೊರಟೇಬಿಡುತ್ತದೆ. ಇದಕ್ಕೆ ಮದ್ದು ರೈಫಲನ್ನು ತಳ್ಳುವುದಲ್ಲ. ಎಡ ಮೊಣಕೈಯನ್ನು ನೆಟ್ಟ ಗೂಟದಂತೆ ಅಲ್ಲೇ ಬಿಟ್ಟು, ಸೊಂಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಮತ್ತೆ ಕಣ್ಣು ಮುಚ್ಚಿ ತೆರೆದು ನೋಡಬೇಕು. ಮೂರನೆಯ ಸಲಕ್ಕೆ ಕಣ್ಣು ತೆರೆದಾಗ ನಳಿಗೆಯ ತುದಿ ಗುರಿಯ ನಡುವೆ ತಾನಾಗಿಯೇ ನಿಂತಿತ್ತು. ನಾನು ಹಿಡಿದಿರಲೇ ಇಲ್ಲ! ಆ ಕ್ಷಣದ ಬೆರಗು ಇವತ್ತಿಗೂ ನನ್ನಲ್ಲಿ ಉಳಿದಿದೆ. ಹೊಸಬರೊಬ್ಬರು ಕಣ್ಣು ತೆರೆದು ಅದೇ ಬೆರಗಿನಿಂದ ತಿರುಗಿ ನೋಡಿದಾಗ ಈ ಕೆಲಸ ಎಷ್ಟು ಇಷ್ಟವೆಂದು ನನಗೆ ಮತ್ತೆ ನೆನಪಾಗುತ್ತದೆ.

ಪಟ್ಟಿ ಬಿಗಿಯಾಗಿದ್ದರೆ ಇನ್ನೊಂದು ಸಂಗತಿಯೂ ಕಾಣಿಸುತ್ತದೆ. ನಳಿಗೆಯ ತುದಿ ಸಣ್ಣಗೆ ಮೇಲೆ ಕೆಳಗೆ ಮಿಡಿಯುತ್ತಿರುತ್ತದೆ. ಅದು ನಿಮ್ಮದೇ ನಾಡಿ. ಹೆದರಬೇಡಿ, ಪಟ್ಟಿಯನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸಿದರೆ ಕಡಿಮೆಯಾಗುತ್ತದೆ. ಉಸಿರೂ ಹಾಗೆಯೇ: ಮಲಗಿದ ಭಂಗಿಯಲ್ಲಿ ಉಸಿರು ಒಳಗೆ ತೆಗೆದುಕೊಂಡಾಗ ನಳಿಗೆ ಇಳಿಯುತ್ತದೆ, ಬಿಟ್ಟಾಗ ಏರುತ್ತದೆ. ಉಸಿರು ಬಿಟ್ಟ ಮೇಲೆ ಮುಂದಿನ ಉಸಿರಿಗೆ ಮೊದಲು ಸಹಜವಾದ ಒಂದು ಬಿಡುವಿದೆಯಲ್ಲ, ಟ್ರಿಗರ್ ಅನ್ನು ಆ ಬಿಡುವಿನಲ್ಲಿ ಒತ್ತಿ. ಏಳೆಂಟು ಸೆಕೆಂಡಿನಲ್ಲಿ ಆಗಲಿಲ್ಲವೋ, ಬೆರಳು ತೆಗೆದು, ಉಸಿರಾಡಿ, ಮತ್ತೆ ಮೊದಲಿನಿಂದ ಶುರು ಮಾಡಿ. ಉಸಿರು ಕಟ್ಟಿದಷ್ಟೂ ಕಣ್ಣು ಮಂಜಾಗುತ್ತದೆ.

ಎರಡು ದಿನಗಳಲ್ಲಿ ಏನು ಸಾಧ್ಯ ಎಂದು ಕೇಳಿದ್ದೀರಿ. ಮಲಗಿ, ಕುಳಿತು, ಮಂಡಿಯೂರಿ, ನಿಂತು ಹೊಡೆಯುವ ಭಂಗಿಗಳ ಪರಿಚಯವಾಗುತ್ತದೆ. ಐದು ತೂತುಗಳನ್ನು ಹತ್ತಿರ ಹತ್ತಿರ ತರುವುದನ್ನು ಕಲಿಯುತ್ತೀರಿ. ಅವು ನಡುವಿನಲ್ಲೇ ಬೀಳಬೇಕೆಂದಿಲ್ಲ. ಮೊದಲು ಗುಂಪು ಚಿಕ್ಕದಾಗಲಿ, ಆಮೇಲೆ ಸೈಟ್, ಎಂದರೆ ಗುರಿ ಹಿಡಿಯಲು ರೈಫಲ್ ಮೇಲೆ ಹಿಂದೆ ಮುಂದೆ ಇರುವ ಗುರುತು, ಅದನ್ನು ತಿರುಪಿ ಗುಂಪನ್ನು ನಡುವಿಗೆ ತರುವುದು ಎರಡು ನಿಮಿಷದ ಕೆಲಸ.

ಇವೆಲ್ಲಕ್ಕಿಂತ ನಾನು ಹೆಚ್ಚು ಬೆಲೆ ಕೊಡುವ ಪಾಠ ಇನ್ನೊಂದಿದೆ. ಗುಂಡು ಹಾರಿದ ಕೂಡಲೇ, ಕಾಗದವನ್ನು ನೋಡುವ ಮೊದಲೇ, ಅದು ಎಲ್ಲಿ ಬಿತ್ತೆಂದು ಬಾಯಿಬಿಟ್ಟು ಹೇಳಬೇಕು. “ಬಲಕ್ಕೆ, ಒಂದಿಷ್ಟು ಕೆಳಗೆ” ಎಂದು. ಹಾಗೆ ಹೇಳಬೇಕಾದರೆ ಗುಂಡು ಹಾರಿದ ಗಳಿಗೆಯಲ್ಲಿ ಮುಂದಿನ ಸೈಟ್ ಎಲ್ಲಿತ್ತೆಂದು ನಿಮ್ಮ ಕಣ್ಣು ಕಂಡಿರಬೇಕು. ಕಂಡಿರಬೇಕಾದರೆ ಕಣ್ಣು ಮುಚ್ಚಿರಬಾರದು, ತಲೆ ಎತ್ತಿರಬಾರದು, ಟ್ರಿಗರ್ ಒತ್ತಿದ ಬೆರಳು ಹಿಂದೆಯೇ ನಿಂತಿರಬೇಕು. ಇಷ್ಟೂ ಆ ಒಂದು ವಾಕ್ಯದಲ್ಲಿ ಬಂದುಬಿಡುತ್ತದೆ. ಹೇಳಿದ ಜಾಗದಲ್ಲೇ ತೂತಿದ್ದರೆ, ಅದು ನಡುವಿನಿಂದ ನಾಲ್ಕು ಬೆರಳು ದೂರವಿದ್ದರೂ ನನಗೆ ಸಂತೋಷವೇ. ನಡುವಿಗೇ ಬಿದ್ದು, “ಹೇಗೆ ಬಿತ್ತೋ ಗೊತ್ತಿಲ್ಲ” ಎಂದರೆ ಆ ಗುಂಡಿನಿಂದ ನೀವು ಏನನ್ನೂ ಕಲಿಯಲಿಲ್ಲ. ಆ ಭಾನುವಾರ ಸಂಜೆ ನನ್ನ ಕೊನೆಯ ಐದು ತೂತುಗಳನ್ನು ಹೆಬ್ಬೆರಳಿನಿಂದ ಮುಚ್ಚಲು ಆಗಲಿಲ್ಲ, ಎರಡು ಬೆರಳು ಬೇಕಾದವು. ಆದರೆ ಐದರಲ್ಲಿ ನಾಲ್ಕು ಎಲ್ಲಿ ಬಿದ್ದವೆಂದು ಸರಿಯಾಗಿ ಹೇಳಿದ್ದೆ. ಆ ಕಾಗದ ಇನ್ನೂ ನನ್ನ ಬಳಿ ಇದೆ. ತೂತುಗಳ ಅಂಚಿಗೆ ಸೀಸ ಒರೆಸಿಕೊಂಡು ಹೋದ ಬೂದುಬಣ್ಣದ ಸಣ್ಣ ಉಂಗುರ ಈಗಲೂ ಕಾಣುತ್ತದೆ.

ಸುರಕ್ಷತೆಯ ಬಗ್ಗೆ ಅಲ್ಲಿ ನಿಮಗೆ ಕಲಿಸಿಯೇ ಕಲಿಸುತ್ತಾರೆ. ಆದರೂ ಮನೆಯಿಂದಲೇ ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಪ್ರತಿ ರೈಫಲ್‌ನಲ್ಲೂ ಗುಂಡಿದೆ ಎಂದೇ ತಿಳಿಯಿರಿ. ನಳಿಗೆಯ ಬಾಯಿ ಸದಾ ಗುರಿಯ ದಿಕ್ಕಿಗೇ ಇರಲಿ. ಯಾರಾದರೂ ಹೆಸರು ಹಿಡಿದು ಕರೆದರೂ ರೈಫಲ್ ಸಮೇತ ತಿರುಗಬೇಡಿ. ಸೈಟ್ ಗುರಿಯ ಮೇಲೆ ಕೂರುವವರೆಗೆ ಬೆರಳು ಟ್ರಿಗರ್‌ನ ಹೊರಗಿರಲಿ. ಗುರಿಯ ಹಿಂದೆ ಏನಿದೆಯೆಂದು ಗೊತ್ತಿರಲಿ. ಪಾಯಿಂಟ್ 22ರ ಗುಂಡು ನೋಡಲು ಕಿರುಬೆರಳಿನ ಉಗುರಿನಷ್ಟಿದ್ದರೂ ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ಟ್ರಿಗರ್ ಒತ್ತಿದಾಗ ‘ಟಿಕ್’ ಎಂದು ಗುಂಡು ಹಾರದಿದ್ದರೆ ಬೋಲ್ಟ್ (ಕಾಡತೂಸು ತುಂಬಲು, ತೆಗೆಯಲು ಹಿಂದಕ್ಕೆ ಎಳೆಯುವ ಭಾಗ) ತೆರೆಯಲು ಆತುರ ಬೇಡ. ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ತರಬೇತುದಾರರನ್ನು ಕರೆಯಿರಿ. “ನಿಲ್ಲಿಸಿ” ಎಂದು ಯಾರು ಬೇಕಾದರೂ ಕೂಗಬಹುದು, ನೀವೂ ಕೂಗಬಹುದು. ನಿಮ್ಮ ಮಗಳಿಗೂ ಇದನ್ನು ಹೇಳಿ.

ಕೊರಳು ಮುಚ್ಚುವ ಅಂಗಿ ತೊಡಿ. ಪಕ್ಕದವರ ರೈಫಲ್‌ನಿಂದ ಸಿಡಿದ ಬಿಸಿ ಖಾಲಿ ಕಾಡತೂಸು ಕೊರಳೊಳಗೆ ಜಾರಿದರೆ ಯಾರಾದರೂ ಮೈ ಕೊಡವುತ್ತಾರೆ, ಕೈಯಲ್ಲಿ ರೈಫಲ್ ಇರುವಾಗ ಅದು ಅಪಾಯ. ಕಿವಿಯ ವಿಷಯದಲ್ಲಂತೂ ಉದಾಸೀನ ಬೇಡವೇ ಬೇಡ. 140 ಡೆಸಿಬಲ್ ದಾಟಿದ ಒಂದೇ ಒಂದು ಸದ್ದು ಶ್ರವಣಶಕ್ತಿಗೆ ಶಾಶ್ವತ ಹಾನಿ ಮಾಡಬಲ್ಲದು, ದೊಡ್ಡ ರೈಫಲ್‌ಗಳ ಸದ್ದು 150ನ್ನೂ ಮೀರುತ್ತದೆ. ಕಿವಿಯೊಳಗೆ ಇಡುವ ಪ್ಲಗ್, ಅದರ ಮೇಲೆ ಇಯರ್‌ಮಫ್, ಎರಡೂ ಇರಲಿ. ಮೈಗೆ ಕೈಗೆ ಸೀಸದ ಪುಡಿ ಅಂಟಿರುತ್ತದೆ. ಏನನ್ನಾದರೂ ತಿನ್ನುವ ಮೊದಲು ತಣ್ಣೀರು, ಸೋಪಿನಿಂದ ಕೈ ಮುಖ ತೊಳೆಯಿರಿ. ಗರ್ಭಿಣಿಯರು ಇಂಥ ತರಬೇತಿಯನ್ನು ಮುಂದಕ್ಕೆ ಹಾಕುವುದೇ ಸರಿ.

ಪ್ರಶ್ನೆ: ನಾನು ಓದಲೂ ದೂರ ನೋಡಲೂ ಒಂದೇ ಕನ್ನಡಕ ಬಳಸುತ್ತೇನೆ. ಸೈಟ್ ಸ್ಪಷ್ಟವಾದರೆ ಗುರಿ ಮಸುಕಾಗುತ್ತದೆ, ಗುರಿ ಸ್ಪಷ್ಟವಾದರೆ ಸೈಟ್ ಮಸುಕು. ಯಾವುದನ್ನು ನೋಡಲಿ?

ಉತ್ತರ: ಮುಂದಿನ ಸೈಟ್ ನೋಡಿ. ನಳಿಗೆಯ ತುದಿಯಲ್ಲಿ ನಿಂತಿರುವ ಆ ಪುಟ್ಟ ಕಂಬದ ಅಂಚು ಬ್ಲೇಡಿನಷ್ಟು ಚೂಪಾಗಿ ಕಾಣಬೇಕು. ಗುರಿ ಮಸುಕಾಗಿಯೇ ಇರಲಿ. ಒಂದು ಲೆಕ್ಕ ಹೇಳುತ್ತೇನೆ. ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವೆ ಅರ್ಧ ಮೀಟರ್ ಅಂತರವಿದೆ ಎಂದುಕೊಳ್ಳಿ. ಮುಂದಿನದು ಕೇವಲ 1 ಮಿಲಿಮೀಟರ್ ಪಕ್ಕಕ್ಕೆ ಹೋದರೆ, 25 ಮೀಟರ್ ದೂರದ ಕಾಗದದ ಮೇಲೆ ಗುಂಡು 5 ಸೆಂಟಿಮೀಟರ್ ತಪ್ಪುತ್ತದೆ. ಆದರೆ ಸೈಟ್‌ಗಳೆರಡೂ ನೇರವಾಗಿದ್ದು, ಮಸುಕಾದ ಗುರಿಯ ನಡುವನ್ನು ನೀವು 1 ಸೆಂಟಿಮೀಟರ್ ತಪ್ಪಾಗಿ ಅಂದಾಜು ಮಾಡಿದರೆ ಗುಂಡು ತಪ್ಪುವುದೂ ಅಷ್ಟೇ, 1 ಸೆಂಟಿಮೀಟರ್.

ನಿಮ್ಮ ಕನ್ನಡಕದ ತೊಂದರೆ ಬೇರೆ. ಮಲಗಿ ಹೊಡೆಯುವಾಗ ತಲೆ ಮುಂದಕ್ಕೆ ಬಾಗಿ, ಗಾಜಿನ ಮೇಲ್ಭಾಗದಿಂದ, ಎಂದರೆ ದೂರ ನೋಡುವ ಭಾಗದಿಂದಲೇ ನೋಡುತ್ತೀರಿ. ಆದ್ದರಿಂದ ಕಣ್ಣಿನಿಂದ ಮುಂದಿನ ಸೈಟ್‌ಗೆ ಎಷ್ಟು ದೂರವೆಂದು ಅಳೆಸಿಕೊಂಡು, ಆ ದೂರಕ್ಕೆ ಹೊಂದುವ ಒಂದೇ ಶಕ್ತಿಯ ಕನ್ನಡಕವನ್ನು ನೇತ್ರತಜ್ಞರಿಂದ ಮಾಡಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ಕಣ್ಣನ್ನು ಬಲವಾಗಿ ಮುಚ್ಚಬೇಡಿ. ಮುಖದ ಸ್ನಾಯುಗಳೆಲ್ಲ ಬಿಗಿದು, ಗುರಿಯಿಟ್ಟ ಕಣ್ಣೂ ಬೇಗ ದಣಿಯುತ್ತದೆ. ಅದರ ಮುಂದೆ ಬೆಳಕು ಹಾಯುವಂಥ ಬಿಳಿ ಪ್ಲಾಸ್ಟಿಕ್ ತುಂಡೊಂದನ್ನು ಕನ್ನಡಕಕ್ಕೆ ಅಂಟಿಸಿಕೊಂಡರೆ ಸಾಕು.

ಪ್ರಶ್ನೆ: ಹಿಂದಿನ ತರಬೇತಿಯಲ್ಲಿ ನನ್ನ ಗುಂಡುಗಳೆಲ್ಲ ಕೆಳಗೆ ಬಿದ್ದವು. ಸೈಟ್ ಕೆಟ್ಟಿದೆ ಎಂದೆ, ಅದೇ ರೈಫಲ್‌ನಿಂದ ತರಬೇತುದಾರರು ಹೊಡೆದಾಗ ಸರಿಯಾಗಿಯೇ ಬಿತ್ತು. ನನ್ನ ತಪ್ಪೇನು?

ಉತ್ತರ: ಸದ್ದಿಗೂ ಒದೆತಕ್ಕೂ ನಿಮ್ಮ ಮೈ ಮೊದಲೇ ತಯಾರಾಗುತ್ತಿದೆ. ಗುಂಡು ಹಾರುವ ಮುನ್ನವೇ ಭುಜ ಮುಂದಕ್ಕೆ ತಳ್ಳಿ ನಳಿಗೆಯ ತುದಿ ಇಳಿಯುತ್ತದೆ. ನಿಮಗೆ ಅದು ತಿಳಿಯುವುದಿಲ್ಲ, ಏಕೆಂದರೆ ಸದ್ದು ಅದನ್ನು ಮುಚ್ಚಿಬಿಡುತ್ತದೆ. ಇದನ್ನು ಬಯಲಿಗೆಳೆಯಲು ಹಳೆಯ ಉಪಾಯವೊಂದಿದೆ. ನೀವು ನೋಡದಂತೆ ತರಬೇತುದಾರರು ಮ್ಯಾಗಜಿನ್‌ನಲ್ಲಿ ಕೆಲವು ನಿಜ ಕಾಡತೂಸು, ಕೆಲವು ಸಿಡಿಯದ ನಕಲಿ ಕಾಡತೂಸು ಬೆರೆಸಿಡುತ್ತಾರೆ. ನಕಲಿ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಗೆ ತಲೆಬಾಗಿಸುವುದನ್ನು ನಿಮ್ಮ ಕಣ್ಣೇ ನೋಡುತ್ತದೆ. ನನ್ನ ಬಳಿ ಬಂದಿದ್ದ ಒಬ್ಬ ಗಟ್ಟಿಮುಟ್ಟಾದ ಯುವಕ ಅದನ್ನು ಕಂಡು ಒಂದು ನಿಮಿಷ ಮಾತೇ ಆಡಲಿಲ್ಲ. ಅರ್ಧ ಗಂಟೆಯಲ್ಲಿ ಅವನ ಗುಂಡುಗಳು ಮೇಲೇರಿದವು.

ಮುಂದಿನ ತರಬೇತಿಯಲ್ಲಿ ಇದನ್ನೇ ಕೇಳಿ ಮಾಡಿಸಿಕೊಳ್ಳಿ. ಟ್ರಿಗರ್ ಅನ್ನು ಥಟ್ಟನೆ ಎಳೆಯದೆ, ಹಿಂಡಿದಂತೆ ನೇರ ಹಿಂದಕ್ಕೆ ಒತ್ತುತ್ತಾ ಹೋಗಿ. ಯಾವ ಗಳಿಗೆಯಲ್ಲಿ ಹಾರುತ್ತದೆಂದು ನಿಮಗೇ ಗೊತ್ತಾಗಬಾರದು.

ಪ್ರಶ್ನೆ: ರೈಫಲ್ ಹೆಂಗಸರ ಕೈಗೆ ಹೊಂದುವ ಆಟವಲ್ಲ ಎನ್ನುತ್ತಾರೆ ಮನೆಯವರು. ನಿಜವೇ?

ಉತ್ತರ: ಸುಳ್ಳು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆ ಗಂಡು, ಹೆಣ್ಣು ಇಬ್ಬರಿಗೂ ಒಂದೇ ಆಗಿತ್ತು. ಅಮೆರಿಕದ ಮಾರ್ಗರೆಟ್ ಮರ್ಡಾಕ್ ಅವರೂ ಅವರ ತಂಡದವರೇ ಆದ ಲ್ಯಾನಿ ಬ್ಯಾಷಮ್ ಅವರೂ ಸಮ ಅಂಕ ಪಡೆದರು. ನಿಯಮದ ಪ್ರಕಾರ ಚಿನ್ನ ಬ್ಯಾಷಮ್ ಅವರಿಗೆ ಹೋಯಿತು. ರಾಷ್ಟ್ರಗೀತೆ ನುಡಿಸುವಾಗ ಬ್ಯಾಷಮ್ ತಾವು ನಿಂತಿದ್ದ ಮೇಲಿನ ಮೆಟ್ಟಿಲಿಗೆ ಮರ್ಡಾಕ್ ಅವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮನೆಯವರಿಗೆ ಇದನ್ನು ಓದಿ ಹೇಳಿ. ಅವನಿ ಲೇಖರಾ ಅವರ ಹೆಸರನ್ನೂ ಹೇಳಿ. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಟೋಕಿಯೊ ಮತ್ತು ಪ್ಯಾರಿಸ್, ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದಿದ್ದಾರೆ. ಆ ಸ್ಪರ್ಧೆಯ ಕಾಗದದಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅಲ್ಲಿ ತೋಳ್ಬಲಕ್ಕೆ ಏನು ಕೆಲಸ?

ಪ್ರಶ್ನೆ: ಕಳೆದ ಸಲ ಪಕ್ಕದವರ ಕಾಗದಕ್ಕೆ ಹೊಡೆದುಬಿಟ್ಟೆ. ಎಲ್ಲರ ಮುಂದೆ ತಲೆ ತಗ್ಗಿಸುವಂತಾಯಿತು. ಮತ್ತೆ ಹೋಗಲು ನಾಚಿಕೆ.

ಉತ್ತರ: 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ 50 ಮೀಟರ್ ಮೂರು ಭಂಗಿಗಳ ಫೈನಲ್‌ನಲ್ಲಿ ಕೊನೆಯ ಗುಂಡಿನವರೆಗೂ ಮುಂದಿದ್ದರು. ಆ ಕೊನೆಯ ಗುಂಡನ್ನು ಅವರು ಪಕ್ಕದ ಸಾಲಿನ ಗುರಿಗೆ ಹೊಡೆದರು. ಅದಕ್ಕೆ ಸಿಕ್ಕಿದ್ದು ಸೊನ್ನೆ, ಕೈಸೇರಬೇಕಿದ್ದ ಚಿನ್ನ ಹೋಗಿ ಎಂಟನೆಯ ಸ್ಥಾನ ಬಂತು. ಅವರು ರೈಫಲ್ ಬಿಡಲಿಲ್ಲ. 2012ರಲ್ಲಿ ಲಂಡನ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು.

ನೀವು ಹೋಗಿ. ಮಲಗಿದ ಮೇಲೆ, ಕೆನ್ನೆಯನ್ನು ರೈಫಲ್‌ಗೆ ಒತ್ತುವ ಮೊದಲು, ತಲೆ ಎತ್ತಿ ನಿಮ್ಮ ಕಾಗದದ ಸಂಖ್ಯೆಯನ್ನು ಓದಿ. ಪ್ರತಿ ಐದು ಗುಂಡಿಗೊಮ್ಮೆ ಮತ್ತೆ ಓದಿ. ಪಕ್ಕದವರ ಕಾಗದದಲ್ಲಿ ಆರನೆಯ ತೂತು ಕಂಡರೆ ಅವರು ಲೆಕ್ಕ ತಪ್ಪಿದೆನೇನೋ ಎಂದು ಗಾಬರಿಯಾಗಿರುತ್ತಾರೆ. ಅದು ನಿಮ್ಮದೆಂದು ನೀವಾಗಿಯೇ ಹೋಗಿ ಹೇಳಿಬಿಡಿ.